ಚಿಕ್ಕಪ್ಪನ ರಷ್ಯನ್ ಕ್ಲಾಸು

ನಮ್ಮ ಚಿಕ್ಕಪ್ಪನಿಗೆ ಮರ್ಲು ಎಂದು ನಾನು ಹೇಳುವುದಿಲ್ಲ. ಚಿಕ್ಕಮ್ಮ ಹೇಳುತ್ತಾರೆ! ಕಸ್ಟಮ್ಸ್ ಕೆಲಸದಿಂದ ನಿವೃತ್ತರಾದವರು ಉಡುಪಿಗೆ ಮರಳಿ ಹಾಯಾಗಿರಬಹುದಿತ್ತಲ್ಲ? ಕೊಚ್ಚಿಯಲ್ಲೇ ಉಳಿದು ರಷ್ಯನ್ ಕಲಿಯಲು ಹೊರಟರು. ಇಲ್ಲಿನ ಐಟಿ ಪಾರ್ಕಿನಲ್ಲಿ ಕೆಲಸ ಸಿಕ್ಕಿ ಅವರ ಮನೆಯಲ್ಲೇ ಇರುವ ನಾನು ಎಲ್ಲವನ್ನೂ ಕಣ್ಣಾರೆ ಕಂಡವಳು.

"ನಮ್ಮ ಮೆಣಸು, ಚಹಾ, ಸೀಗಡಿ ಎಲ್ಲ ರಷ್ಯಕ್ಕೆ ಹೋಗ್ತದೆ ಮಾರಾಯ್ತಿ. ಮಾತು ಮಾತ್ರ ಮೂರನೆಯವರ ಬಾಯಲ್ಲಿ! ಸರ್ಕಾರವೇ ಕಲಿಸಬೇಕು" ಎಂಬುದು ಅವರ ವಾದ.

ಆ ವಾದ ಹೊತ್ತು ತಿರುವನಂತಪುರಕ್ಕೆ ಎಷ್ಟು ಅಲೆದರೆಂದರೆ, ಸರ್ಕಾರಿ ಕಚೇರಿಯ ಕಾವಲುಗಾರ ಅವರನ್ನು ಅಲ್ಲಿಯ ಸಾಹೇಬರೆಂದೇ ತಿಳಿದು ಸೆಲ್ಯೂಟ್ ಹೊಡೆಯುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ.

"ಕ್ಲಾಸು ಶುರು ಮಾಡಿದರೆ ಯಾರು ಬರುತ್ತಾರೆ ಸಾರ್?" ಎಂದರು ಅಧಿಕಾರಿ ಮೇಡಂ.

"ಬಂದರಿನಲ್ಲಿ ಧಕ್ಕೆ ಕಟ್ಟಿದ ಮೇಲಲ್ಲವೇ ಮೇಡಂ, ಹಡಗು ಬರುವುದು?"

ಅವರು ನಕ್ಕುಬಿಟ್ಟರು. ಕೊಚ್ಚಿಯಲ್ಲಿ ಭಾನುವಾರದ ಕ್ಲಾಸು ಮಂಜೂರಾಯಿತು. ಟೀಚರ್ ಸಂಬಳ ಸರ್ಕಾರದ್ದು. ಷರತ್ತು ಒಂದೇ: ಕುರ್ಚಿಗಳು ತುಂಬಬೇಕು!

ಮಟ್ಟಾಂಚೇರಿಯ ಮೆಣಸಿನ ವ್ಯಾಪಾರಿಗಳನ್ನು ಚಿಕ್ಕಪ್ಪ ಹಿಡಿದು ತಂದು ಕೂರಿಸಿದರು. ಒಂದು ಕುರ್ಚಿ ಉಳಿಯಿತು.

"ನಾನು ಮೆಣಸು ಮಾರುವುದಿಲ್ಲ!" ಎಂದರು ಚಿಕ್ಕಮ್ಮ.

"ಮೆಣಸಿನ ಸಾರು ಮಾಡ್ತೀಯಲ್ಲ, ಬಾ."

ಕೊನೆಗೆ ಚಿಕ್ಕಮ್ಮನೇ ಎಲ್ಲರಿಗಿಂತ ಚೆನ್ನಾಗಿ ಕಲಿತರು. ಚಿಕ್ಕಪ್ಪನ ಮುಖ ನೋಡಬೇಕಿತ್ತು! ಆದರೆ ಕಲಿಸುತ್ತಿದ್ದುದೆಲ್ಲ ವ್ಯಾಪಾರದ ಮಾತು. ದರ, ತೂಕ, ಸರಕು, ಹಡಗು.

ಒಂದು ಮಧ್ಯಾಹ್ನ ಚಿಕ್ಕಪ್ಪನಿಗೆ ಕಸ್ಟಮ್ಸ್ ಕಾಲದ ಪರಿಚಯದ ಹಡಗು ಏಜೆಂಟರೊಬ್ಬರ ಫೋನು. ರಷ್ಯದ ಹಡಗಿನ ಅಡುಗೆಯವನೊಬ್ಬನಿಗೆ ಇಲ್ಲಿ ಹೊಟ್ಟೆಯ ಆಪರೇಷನ್ ಆಗಿದೆ. ಹಡಗು ಅವನನ್ನು ಬಿಟ್ಟು ಹೊರಟುಹೋಗಿದೆ. ಇಂಗ್ಲಿಷ್ ಬಾರದು, ದುಭಾಷಿ ಊರಲ್ಲಿಲ್ಲ.

ಮೂವರೂ ಆಸ್ಪತ್ರೆಗೆ ಓಡಿದೆವು. ನರೆಗೂದಲಿನ ದೊಡ್ಡ ಆಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನರ್ಸು ಫೋನಿನಲ್ಲಿ ಅನುವಾದ ತೋರಿಸಿದರೆ ಕಣ್ಣೇ ತೆರೆಯಲೊಲ್ಲ. ಚಿಕ್ಕಪ್ಪ ಚಿಕ್ಕಮ್ಮನ ಕಡೆ ನೋಡಿದರು. ಇಬ್ಬರೂ ಕಲಿತದ್ದರಲ್ಲಿ ಇಲ್ಲಿಗೆ ಒಪ್ಪುವ ಮಾತು ಒಂದೂ ಇರಲಿಲ್ಲ. ಕೊನೆಗೆ ಚಿಕ್ಕಪ್ಪ ಅವನ ಕೈ ಹಿಡಿದು, ಬಂದದ್ದನ್ನೇ ರಷ್ಯನ್ನಿನಲ್ಲಿ ಹೇಳಿದರು: "ಹಡಗು ತಡವಾಗಿದೆ. ಸರಕು ಕ್ಷೇಮವಾಗಿದೆ."

ಅವನು ತಿರುಗಿ ನೋಡಿದ. ನಕ್ಕ. ನಗುತ್ತಲೇ ಕಣ್ಣೀರು ಬಂತು.

ಆ ಭಾನುವಾರ ಚಿಕ್ಕಪ್ಪ ಕ್ಲಾಸಿನಲ್ಲಿ ಎದ್ದು ನಿಂತರು. "ಟೀಚರ್, 'ಎಲ್ಲಿ ನೋಯುತ್ತಿದೆ' ಅಂತ ಕೇಳುವುದು ಹೇಗೆ?"

"ಅದು ಸಿಲಬಸ್ಸಿನಲ್ಲಿ ಇಲ್ಲವಲ್ಲ ಸಾರ್."

"ಹೇಳಿಕೊಡಿ ಟೀಚರ್" ಎಂದರು ಚಿಕ್ಕಮ್ಮ.

ಟೀಚರ್ ಹೇಳಿಕೊಟ್ಟರು. ಮೆಣಸಿನ ವ್ಯಾಪಾರಿಗಳೂ ಒಟ್ಟಾಗಿ ಹೇಳಿದರು. ಕ್ಲಾಸು ಮುಗಿಸಿ ಗಂಜಿಯ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋದೆವು. ಚಿಕ್ಕಪ್ಪ ತಡವರಿಸುತ್ತ ಕೇಳಿದರು.

ಅವನು ಹೊಲಿಗೆ ಹಾಕಿದ ಹೊಟ್ಟೆಯನ್ನು ತೋರಿಸಲಿಲ್ಲ. ಎದೆಯ ಮೇಲೆ ಕೈಯಿಟ್ಟು ಏನೋ ಹೇಳತೊಡಗಿದ. ಹೇಳುತ್ತಲೇ ಹೋದ. ನಮಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಚಿಕ್ಕಪ್ಪ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.