ಆಕಳಿಗೆ ಓದಿ ಹೇಳುವ ಸಾಹೇಬರು

ನಾನು ಓದು ಬಿಟ್ಟಿದ್ದು ೧೯೭೯ರಲ್ಲಿ, ಹುಬ್ಬಳ್ಳಿಯಲ್ಲಿ, ಒಂಬತ್ತನೇ ಇಯತ್ತೆಯ ಅರ್ಧಕ್ಕೆ. ಓದೇ ನನ್ನನ್ನು ಬಿಟ್ಟಿತು ಎನ್ನುವವರಿದ್ದಾರೆ. ಅವರ ಮಾತು ಬೇಡ. ಮರುದಿನವೇ ವೆಲ್ಡಿಂಗ್ ಅಂಗಡಿ ಸೇರಿದವನು ಇವತ್ತಿನವರೆಗೆ ಕೈ ಕಟ್ಟಿ ಕುಳಿತಿಲ್ಲ. ಈಗ ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿ ನನ್ನದೇ ವರ್ಕ್‌ಶಾಪು. ತೈಲ ಕಂಪನಿಗಳ ಸಾಲಾದ ಎನರ್ಜಿ ಕಾರಿಡಾರಿನ ದೊಡ್ಡ ದೊಡ್ಡ ಎಂಜಿನಿಯರುಗಳ ಮನೆಗೂ ಗೇಟು ಮಾಡಿಕೊಟ್ಟಿದ್ದೇನೆ. ಅವರು ಅಳತೆಯ ಚರ್ಚೆ ಮುಗಿಸುವಷ್ಟರಲ್ಲಿ ಗೇಟು ನಿಂತಿರುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಅಮೆರಿಕದ ಒಬ್ಬ ದೊಡ್ಡ ಲೇಖಕರ ಪುಸ್ತಕ ತಿದ್ದಿದವನು ನಾನು. ನಗಬೇಡಿ. ನನಗಿಂತ ಮುಂಚೆ ತಿದ್ದುತ್ತಿದ್ದವು ಅವರ ಆಕಳುಗಳು.

ಆಸ್ಟಿನ್‌ಗೆ ಹೋಗುವ ದಾರಿಯಲ್ಲಿ ಅವರ ರ‍್ಯಾಂಚ್. ೨೦೧೪ರ ಬೇಸಿಗೆಯಲ್ಲಿ ಗೇಟು ರಿಪೇರಿಗೆಂದು ಹೋದಾಗ, ಎಂಬತ್ತರ ಹತ್ತಿರದ ಆ ಮುದುಕ ಬೇಲಿಗೆ ಒರಗಿ, ಕೈಯಲ್ಲಿ ಕಾಗದ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಕೇಳುವವರು ಹನ್ನೊಂದು ಆಕಳು, ಒಂದು ಹೋರಿ. ಅವರ ಟೆಕ್ಸಾಸ್ ಇಂಗ್ಲಿಷು ನನ್ನ ಕಿವಿಗೆ ಹುಬ್ಬಳ್ಳಿ ಮಾತಾಗಿಯೇ ಬೀಳುತ್ತದೆ, ಹಾಗೆಯೇ ಬರೆಯುತ್ತೇನೆ.

"ಏನ್ ಮಾಡಾಕತ್ತೀರಿ ಸಾಹೇಬ್ರ?"

"ಪರೀಕ್ಷಾ ನಡದೈತಿ. ಸುಳ್ಳ ಬರದಿದ್ರ ಓದೂಮುಂದ ನನ್ನ ದನಿ ಬದಲಾಗತೈತಿ. ದನಿ ಬದಲಾತಂದ್ರ ಇವು ಹೊಂಟ ಹೋಗತಾವ."

ಅಷ್ಟರಲ್ಲಿ ಒಂದು ಕೆಂದಾಕಳು ಬೆನ್ನು ತಿರುಗಿಸಿತು. ಸಾಹೇಬರು ಪೆನ್ಸಿಲ್ ತೆಗೆದು ಅರ್ಧ ಪುಟಕ್ಕೆ ಗೀಟು ಹೊಡೆದರು. ಡಲ್ಲಾಸ್‌ನ ಸಭೆಯಲ್ಲಿ ಜನರನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿಕೊಂಡ ಮನುಷ್ಯ ಒಂದು ಆಕಳ ಬಾಲಕ್ಕೆ ಹೆದರುವುದೆಂದರೇನು? ಬೆಸುಗೆ ಸರಿ ಬರದಿದ್ದರೆ ನಾನೂ ಕತ್ತರಿಸಿ ಮತ್ತೆ ಹಾಕುತ್ತೇನೆ. ಆದರೆ ಗಿರಾಕಿ ಅತ್ತ ಹೋದಾಗ. ಇವರು ಎಲ್ಲರೆದುರು ಕತ್ತರಿಸಿದರು. ನನಗೆ ಭಕ್ತಿ ಹುಟ್ಟಿದ್ದು ಅಲ್ಲಿಯೇ.

ಅವರು ಬರೆಯುತ್ತಿದ್ದುದು ಕುದುರೆ ಸಾಗಿಸುವ ಹಳೆಯ ಟ್ರೇಲರಿನಲ್ಲಿ ಕುಳಿತು. ಕಥೆ ಮುಂದೆ ಹೋಗದಿದ್ದರೆ ಟ್ರೇಲರನ್ನು ಪಿಕಪ್‌ಗೆ ಸಿಕ್ಕಿಸಿ ಇನ್ನೊಂದು ಹುಲ್ಲುಗಾವಲಿಗೆ ಎಳೆದೊಯ್ಯುತ್ತಿದ್ದರು. ಒಂದು ಕಾದಂಬರಿಗೆ ಎರಡು ಟೈರು ಸವೆದಿದ್ದವಂತೆ.

ಸೆಪ್ಟೆಂಬರಿನಲ್ಲಿ ಒಂದು ದಿನ ನನ್ನ ವರ್ಕ್‌ಶಾಪಿಗೇ ಬಂದರು. ದನದ ಹಿಂಡಿಯ ಚೀಲದಿಂದ ಟೈಪು ಮಾಡಿದ ನಾನೂರು ಪುಟ ತೆಗೆದು ಮೇಜಿನ ಮೇಲಿಟ್ಟರು. ಇದ್ದದ್ದು ಅದೊಂದೇ ಪ್ರತಿ.

"ಆಕಳ ಪಾಸ್ ಮಾಡ್ಯಾವ. ಈಗ ನೀ ಓದು. ಪ್ರೊಫೆಸರ್ ಮಂದಿ ಎಲ್ಲಾದಕ್ಕೂ ಚಲೋ ಅಂತಾರ. ನೀ ಕೈಲೆ ಕೆಲಸ ಮಾಡಾಂವ. ಎಲ್ಲಿ ಸುಳ್ಳೈತಿ ಹೇಳು. ಇದು ನನ್ನ ಕಡೀ ಪುಸ್ತಕ. ಸುಳ್ಳಿದ್ರ ಪ್ರಿಂಟಿಗೆ ಕೊಡೂದಿಲ್ಲ."

ಇಂಗ್ಲಿಷಿನಲ್ಲಿ ನಾನು ಬಿಲ್ಲು ಓದಬಲ್ಲೆ, ರಸ್ತೆಯ ಬೋರ್ಡು ಓದಬಲ್ಲೆ. ನಾನೂರು ಪುಟ? ಬರುವುದಿಲ್ಲ ಎನ್ನಲು ಅಭಿಮಾನ ಬಿಡಬೇಕಲ್ಲ. "ಓಕೆ ಸಾಹೇಬ್ರ" ಅಂದುಬಿಟ್ಟೆ.

ವಾರಗಟ್ಟಲೆ ಆ ಕಟ್ಟು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಅಷ್ಟರಲ್ಲಿ ನವರಾತ್ರಿ. ಖಂಡೇಪೂಜೆಗೆ ನನ್ನ ಹೆಂಡತಿ ಸ್ಪ್ಯಾನರು, ಗ್ರೈಂಡರುಗಳ ಪಕ್ಕ ಅದನ್ನೂ ಇಟ್ಟು, ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದಳು. ಪೂಜೆಗಿಟ್ಟ ಪುಸ್ತಕವನ್ನು ದಸರೆಯವರೆಗೆ ತೆರೆಯುವಂತಿಲ್ಲ. ಸಣ್ಣಂದಿನಲ್ಲಿ ಲೆಕ್ಕದ ಪುಸ್ತಕವನ್ನು ಹಬ್ಬಕ್ಕೆ ವಾರ ಮೊದಲೇ ಪೂಜೆಗಿಡುತ್ತಿದ್ದ ಭಕ್ತ ನಾನು.

ಸಾಹೇಬರ ಫೋನು ಬಂತು. "ಓದಿದೇನು?"

"ಓದೂ ಹಂಗಿಲ್ಲರಿ. ದೇವರ ಮುಂದ ಕುಂತೈತಿ."

ದಸರೆಯ ಮಧ್ಯಾಹ್ನ ಅವರ ಪಿಕಪ್ ನಮ್ಮ ಮನೆ ಮುಂದೆ ನಿಂತಿತು. ಸಾಹೇಬರು ಟೋಪಿ ತೆಗೆದು, ಬೂಟು ಕಳಚಿ, ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕುಳಿತರು. ಅರಿಷಿಣ ಹತ್ತಿದ ಮೊದಲ ಪುಟವನ್ನು ಬಹಳ ಹೊತ್ತು ನೋಡಿದರು.

"ನನ್ನ ಪುಸ್ತಕಕ್ಕ ಪ್ರಶಸ್ತಿ ಕೊಟ್ಟಾರ, ಬೈದಾರ. ಹೂವ ಯಾರೂ ಏರಿಸಿದ್ದಿಲ್ಲ."

ಹೆಂಡತಿ ಅವರಿಗೂ ಬನ್ನಿ ಕೊಟ್ಟಳು. ಟೆಕ್ಸಾಸಿನಲ್ಲಿ ಬನ್ನಿ ಎಲ್ಲಿಯದು? ಅದರ ತಂಗಿಯಂತಿರುವ ಮೆಸ್ಕೀಟ್ ಗಿಡದ ಎಲೆಯನ್ನೇ ನಾವಿಲ್ಲಿ ಬಂಗಾರವೆಂದು ಹಂಚುವುದು. "ಬಂಗಾರ ತಗೊಂಡು ಬಂಗಾರದಂಗ ಇರೂಣರಿ" ಎಂದಳು. ನಾನು ಅರ್ಥ ಹೇಳಿದೆ.

ಸಾಹೇಬರು ಎಲೆ ನೋಡಿದರು, ಅವಳನ್ನು ನೋಡಿದರು. "ತಂಗಿ, ಈ ಸುಡುಗಾಡ ಗಿಡಾ ಕಿತ್ತ ಒಗ್ಯಾಕ ಐವತ್ತ ವರ್ಷ ಬಡದಾಡೇನಿ. ಮೊದಲ ಹೇಳಬಾರದಾ?" ಎಂದವರು, ಎಲೆಯನ್ನು ಜೋಪಾನವಾಗಿ ಅಂಗಿಯ ಜೇಬಿಗಿಟ್ಟರು.

ಅದನ್ನು ನೋಡಿ ನನ್ನ ಬಾಯಿ ತಡೆಯಲಿಲ್ಲ. "ಸಾಹೇಬ್ರ, ಪೂಜಾದ್ದು ನೆಪರಿ. ನನಗ ಅಷ್ಟ ಇಂಗ್ಲಿಷ್ ಓದಾಕ ಬರೂದಿಲ್ಲ. ಒಂಬತ್ತನೇತ್ತಾ ಬಿಟ್ಟಾಂವ ನಾ."

"ಆಕಳಿಗೆ ಬರತಿತ್ತೇನ?" ಎಂದರು.

ಮುಂದಿನ ವಾರದಿಂದ ಅವರು ಓದಿದರು. ನಾನು ಅವರ ಗೇಟಿಗೆ ಬಣ್ಣ ಬಳಿಯುತ್ತ ಕೇಳಿದೆ. ಎಂಟು ದಿನ. ಆ ಗೇಟಿಗಾದಷ್ಟು ಬಣ್ಣ ಟೆಕ್ಸಾಸಿನ ಯಾವ ಗೇಟಿಗೂ ಆಗಿರಲಿಕ್ಕಿಲ್ಲ. ಏನು ಬರೆದಿದ್ದರು ಮಹಾರಾಯರು! ಬರಗಾಲ ಓದಿದರೆ ನನಗೆ ನೀರಡಿಕೆ ಆಗುತ್ತಿತ್ತು.

ಆರನೇ ದಿನ ಒಂದು ಪುಟ ಬಂತು. ಅದರಲ್ಲಿ ನಾಯಕ ಒಬ್ಬನೇ ಹೊಸ ಬೇಲಿ ಹಾಕುತ್ತಾನೆ. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಮುಳ್ಳುತಂತಿಯ ಸುರುಳಿ ಬಿಚ್ಚುತ್ತ ಗುಡ್ಡ ಇಳಿಯುತ್ತಾನೆ. ಆಕಳುಗಳು ಅಲ್ಲಾಡಲಿಲ್ಲ. ನಾನು ಬ್ರಷ್ ಕೆಳಗಿಟ್ಟೆ.

"ಇದು ಸುಳ್ಳರಿ. ಸುರುಳಿಯೊಳಗ ಸಲಾಕಿ ತೂರಿಸಿ, ಎರಡೂ ಕಡೆ ಇಬ್ಬರು ಹಿಡಕೊಂಡ ನಡೀಬೇಕು. ಆ ಕಡೆ ಯಾರ ಹಿಡದಿದ್ರು?"

ಸಾಹೇಬರು ಕಾಗದ ಮಡಚಿದರು. ಪುಸ್ತಕವನ್ನು ನಾನೇ ಕೊಂದೆ ಅಂದುಕೊಂಡೆ.

"ನನ್ನ ಹೆಂಡತಿ" ಎಂದರು. "ಇಲ್ಲಿದ್ದ ಬೇಲಿ ಪೂರಾ ಆಕಿನ ಹಿಡದಿದ್ಲು. ಆಕಿ ಹ್ವಾದ ಮ್ಯಾಲೆ ಆಕಿನ್ನ ಬರೀಲಿಕ್ಕ ಕೈ ಏಳಲಿಲ್ಲ. ಅದಕ ಅಂವನ್ನ ಒಬ್ಬಾಂವನ್ನ ಮಾಡಿದ್ನಿ."

ನಾನು ಬ್ರಷ್ ಎತ್ತಿಕೊಂಡೆ.

"ಹಂಗಾರ ಕಾಫಿ ಆಕಿಗೂ ಕೊಡ್ರಿ ಸಾಹೇಬ್ರ. ನೀವ ಒಬ್ರ ಕುಡಿಯಾಕತ್ತೀರಿ."

ಅವರು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಉಳಿದದ್ದನ್ನು ಓದಿ ಮುಗಿಸಿ, ಮತ್ತೆ ಮೊದಲ ಪುಟದಿಂದ ಬರೆಯಲು ಕುಳಿತರು. ಎರಡು ವರ್ಷ ಹಿಡಿಯಿತು. ಪುಸ್ತಕ ಅಚ್ಚಾದ ಮೇಲೆ ತಾವೇ ತಂದುಕೊಟ್ಟರು, ಮರುವರ್ಷ ಹೋಗಿಬಿಟ್ಟರು.

ಈಗ ನನ್ನ ಹತ್ತಿರ ಇರುವುದು ಇಷ್ಟು: ವರ್ಕ್‌ಶಾಪು ಒಂದು, ವೆಲ್ಡಿಂಗ್ ಮಷೀನು ಎರಡು, ಪಿಕಪ್ ಒಂದು, ಕೆಲಸಗಾರರು ಮೂವರು, ಹೆಂಡತಿ ಒಬ್ಬಳು, ಪುಸ್ತಕ ಒಂದು. ಅದರಲ್ಲಿ ನಾನೇ ಓದಿದ ಪುಟ, ನಿನ್ನೆಗೆ, ಅರವತ್ತೊಂದು.