ಸೋಫಾ ಮೇಸ್ತ್ರಿಯ ಗೇಣು

ಡಿಟಿಪಿ ಅಂಗಡಿ ಇಟ್ಟವಳಿಗೆ ವಿಚಿತ್ರಗಳೇನೂ ಹೊಸದಲ್ಲ. ಆದರೆ ದಪ್ಪ ಮಾನಿಟರ್‌ಗಳ ಕಾಲದಲ್ಲಿ ನನ್ನ ರಾಜಾಜಿನಗರದ ಅಂಗಡಿಗೆ ಬಂದ ಸೋಫಾ ಮೇಸ್ತ್ರಿಯನ್ನು ನೆನೆದರೆ ಈಗಲೂ ಬೆರಗಾಗುತ್ತದೆ.

೧. ಕುರ್ಚಿ

ಮೇಸ್ತ್ರಿ ನೋಟ್‌ಬುಕ್ಕುಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಟೈಪ್ ಮಾಡಿ ಪುಸ್ತಕ ಮಾಡಿಕೊಡಿ ಎಂದರು. ಸೋಫಾ ಕಟ್ಟುವುದು, ಪರದೆ ಹೊಲಿಯುವುದು, ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದರು. "ನನ್ನನ್ನ ಕೇಳದೆ, ಬರೀ ಓದಿ, ಒಬ್ಬರಾದ್ರೂ ಸೋಫಾ ಕಟ್ಟಿದ್ರೆ ಸಾಕು ತಾಯಿ" ಎಂದರು.

ಆಮೇಲೆ ನನ್ನನ್ನು ಎಬ್ಬಿಸಿ, ಕುರ್ಚಿ ಬೋರಲು ಹಾಕಿ, ಅರ್ಧ ಗಂಟೆಯಲ್ಲಿ ಸೀಟು ಹೊಸದು ಮಾಡಿದರು. ಎಷ್ಟೋ ವರ್ಷದ ಬೆನ್ನುನೋವು ಮಾಯ. ಮೊದಲು ಟೈಪಿಂಗ್ ಶುರು ಮಾಡಬಹುದಿತ್ತಲ್ಲ ಎಂದೆ. ಹಳೇ ಸೀಟಿನಲ್ಲಿ ಕೂತರೆ ಟೈಪ್ ಮಾಡುವವಳಿಗೇ ಪುಸ್ತಕದ ಮೇಲೆ ನಂಬಿಕೆ ಬರುವುದಿಲ್ಲವಂತೆ.

೨. ಕೈ

ಟೈಪ್ ಮುಗಿದ ಮೇಲೆ ಅದನ್ನೇ ನೋಡಿ ಮನೆಗೊಂದು ಪರದೆ ಹೊಲಿದೆ. ಪರದೆ ಗಿಡ್ಡವಾಗಿ, ಕಿಟಕಿಯ ಕೆಳಗೆ ಬೆಳಕು ಇಣುಕಿತು. ಮೇಸ್ತ್ರಿ ಬಂದು ನೋಡಿ, ನನ್ನ ಕೈ ಪಕ್ಕ ತಮ್ಮ ಕೈ ಇಟ್ಟರು. ಅಳತೆಯೆಲ್ಲ ಗೇಣಿನಲ್ಲಿತ್ತು, ಅವರ ಗೇಣಿನಲ್ಲಿ.

ಅವರ ಮುಖ ಬಾಡಿತು. "ಹಾಗಾದ್ರೆ ನನ್ನ ಕೈ ಹೋದ ಮೇಲೆ ಪುಸ್ತಕಾನೂ ದಂಡ."

ನನಗೆ ಸಂಕಟವಾಯಿತು. ಇಂಚಿಗೆ ಬದಲಿಸೋಣವೆಂದರೆ, ಟೇಪ್ ಹಿಡಿದರೆ ಕೆಲಸವೇ ಮರೆತುಹೋಗುತ್ತದೆ ಎಂದರು. ಕೊನೆಗೆ ಅವರ ಕೈಯನ್ನೇ ಸ್ಕ್ಯಾನರ್ ಮೇಲೆ ಅಗಲಿಸಿ, ಇದ್ದ ಅಳತೆಯಲ್ಲೇ ಮುಖಪುಟಕ್ಕೆ ಹಾಕಿದೆವು. ಪುಸ್ತಕದ ಸೈಜಿಗೆ ಕೈ ಸ್ವಲ್ಪ ಚಿಕ್ಕದು ಮಾಡೋಣ ಎಂದ ಪ್ರೆಸ್ಸಿನವರನ್ನು ಮೇಸ್ತ್ರಿ ಗದರಿದರು. "ಕೈ ಚಿಕ್ಕದಾದ್ರೆ ಊರಿನ ಸೋಫಾ ಎಲ್ಲ ಚಿಕ್ಕದಾಗುತ್ತೆ ಸಾರ್."

೩. ಪರಿಹಾರ

ಮುಖಪುಟದ ಅಂಗೈ ಕಂಡು ವಿಜಯನಗರದ ಪುಸ್ತಕದಂಗಡಿಯವರು ನಮ್ಮ ಪುಸ್ತಕವನ್ನು ಹಸ್ತಸಾಮುದ್ರಿಕದ ಸಾಲಿಗೆ ಸೇರಿಸಿದ್ದರು. ತಿಂಗಳುಗಟ್ಟಲೆ ಒಬ್ಬ ಓದುಗರೂ ಬರಲಿಲ್ಲ. ಮೇಸ್ತ್ರಿ ದಿನಾ ಬಂದು, ಯಾರಾದರೂ ಕಟ್ಟಿದರಾ ಎಂದು ಕೇಳಿ ಹೋಗುತ್ತಿದ್ದರು.

ಒಂದು ದಿನ ಅವರು ಕೂತಿದ್ದಾಗಲೇ ನಂದಿನಿ ಲೇಔಟಿನ ಆಂಟಿಯೊಬ್ಬರು ಪುಸ್ತಕದ ಹಿಂದಿನ ವಿಳಾಸ ಹಿಡಿದು ಬಂದರು. ನವಾರು, ಸ್ಪ್ರಿಂಗು, ತೆಂಗಿನ ನಾರು, ಪುಸ್ತಕದಲ್ಲಿದ್ದಂತೆಯೇ ಸೋಫಾ ಕಟ್ಟಿದ್ದರು. ಅವರು ತಂದ ಫೋಟೋ ನೋಡಿದ ಮೇಸ್ತ್ರಿಯ ಕಣ್ಣು ತುಂಬಿತು. "ಯಾರನ್ನೂ ಕೇಳದೆ ಕಟ್ಟಿದ್ರಾ ತಾಯಿ?"

ಆಂಟಿ ಮೇಸ್ತ್ರಿಯ ಕೈಯನ್ನೂ ಮುಖಪುಟವನ್ನೂ ನೋಡಿ, ಬಾಗಿ ಅವರ ಕಾಲಿಗೆ ನಮಸ್ಕಾರ ಮಾಡಿದರು.

"ಪರಿಹಾರ ಹೇಳಿದ್ ಮೇಲೆ ಕೇಳೋದೇನು ಸ್ವಾಮೀ, ಹಂಗೇ ಮಾಡ್ಬಿಟ್ಟೆ. ಸೋಫಾ ಮುಗಿದ ವಾರಕ್ಕೇ ದೊಡ್ಡವಳಿಗೆ ಗಂಡು ಒಪ್ಕೊಂಡ್ತು. ಈಗ ಚಿಕ್ಕವಳಿಗೆ ಪರದೆ ಸಾಕಾ, ಇಲ್ಲ ಮತ್ತೆ ಸೋಫಾನೇ ಬಿಚ್ಚಿ ಕಟ್ಬೇಕಾ?"