ಕುರನೂರದ ಆಯೀ ಬೆರಳು

ರಕ್ತದಾಗಿನ ಮಲೇರಿಯಾ ಹುಳಾನ ಈಗ ಯಂತ್ರಾನ ನೋಡಿ ಹಿಡಿತೈತಂತ, ಮೊನ್ನೆ ಮೊಮ್ಮಗ ಹೇಳಿದ. ಹಿಡೀಲಿ ಬಿಡ್ರಿ, ಚಲೋನ ಆತು. ಆದ್ರ ಆ ಯಂತ್ರಕ್ಕ ಬೆರಳ ಕೊಡಸವ್ರು ಯಾರು? ಐವತ್ತರ ದಶಕದಾಗ ಸೊಲ್ಲಾಪುರದ ಮಲೇರಿಯಾ ಖಾತೇದಾಗ ನನ್ನ ಕೆಲಸ ಅದ ಇತ್ತು. ಊರೂರು ತಿರುಗಿ ಬೆರಳಿಗೆ ಸೂಜಿ ಚುಚ್ಚೂದು, ಗಾಜಿನ ಪಟ್ಟಿ ಮ್ಯಾಲ ಒಂದ ಹನಿ ರಕ್ತ ಸವರಿ ತರೂದು. ಅದನ್ನ ಸೂಕ್ಷ್ಮದರ್ಶಕದಾಗ ಇಟ್ಟು ನೋಡಾವ್ರು ನಮ್ಮ ಡಾಕ್ಟರ್ ಸಾಹೇಬ್ರು. ನಗಿ ಬರದ ದಿನಾನ ಇರಲಿಲ್ಲ.

ತೊಳದಿಟ್ಟ ರಕ್ತ

ಅಕ್ಕಲಕೋಟ ತಾಲೂಕಿನ ಕುರನೂರದಾಗ ಕುರಿ ಸಾಕಾವ್ರ ಮನಿ ಒಂದಿತ್ತು. ಸಣ್ಣ ಸೊಸಿ ತುಂಬಿದ ಬಸುರಿ. ದಿನಾ ಬಿಟ್ಟ ದಿನಾ ಥಂಡಿಜ್ವರ, ಕಂಬಳಿ ಹೊಚ್ಚಿದ್ರೂ ಗಡಗಡ ನಡಗಾಕಿ. ಮನೀ ಆಯಿ, ಅಂದ್ರ ಆಕೀ ಅತ್ತಿ, ಜೀವ ಕೈಯಾಗ ಹಿಡಕೊಂಡು ಕುಂತಿದ್ಳು. ಗುಳಿಗಿ ಕೊಡ್ತೀನಿ ಅಂದ್ರ, "ಯಾವ ಬ್ಯಾನಿ ಅಂತ ಗೊತ್ತಾಗೂಮಟಾ ಬಸುರಿ ಬಾಯಾಗ ಏನೂ ಹಾಕಾಂಗಿಲ್ಲ" ಅಂದ್ಳು.

ಅವತ್ತ ಗಂಡಸರ ರಕ್ತ ಅಷ್ಟ ಸಿಕ್ತು. ಗಾಜಿನ ಪಟ್ಟಿ ಮನೀ ಮುಂದಿನ ಕಟ್ಟೀ ಮ್ಯಾಲ ಒಣಗಾಕಿಟ್ಟು ಚಾ ಕುಡದು ಬಂದೆ. ನೋಡ್ತೀನಿ, ಪಟ್ಟಿ ಥಳಥಳ! ಆಯಿ ಸೆರಗಿಲೆ ಒರಸಾಕತ್ತಿದ್ಳು.

"ರಕ್ತಾ ಮೆತ್ತಿತ್ತಪಾ, ತೊಳದೀನಿ. ಸರಕಾರದ ಸಾಮಾನ, ಹೊಲಸ ಒಯ್ದ್ರ ಸಾಹೇಬ ನಿನಗ ಬೈತಾನ."

ಪರದೇ ಹಿಂದಿನ ಬೆರಳು

ಮುಂದಿನ ವಾರ ಹೆಣ್ಮಕ್ಕಳ ಸರದಿ. ಅವ್ರು ಪರದೇ ಹಿಂದ, ನಾನು ಹೊರಗ. ದೊಡ್ಡ ಸೊಸೀದು ಅಂತ ಒಂದ ಬೆರಳ ಬಂತು, ಚುಚ್ಚಿದೆ. ನಡುವಿನ ಸೊಸೀದು ಅಂತ ಇನ್ನೊಂದು. ಎರಡೂ ಬರೇ ತುದಿ ಅಷ್ಟ ಕಂಡಿದ್ವು. ಸಣ್ಣ ಸೊಸೀದು ಅಂತ ಪೂರಾ ಬೆರಳ ಬಂತು, ನೋಡಿ ದಂಗಾದೆ.

"ತಂಗಿ, ಈ ವಯಸ್ಸಿನಾಗ ಇಷ್ಟ ಸುಕ್ಕು?"

"ಜ್ವರಕ್ಕ ಹಂಗಾಗೈತಿ!" ಅಂತ ಆಯೀ ದನಿ.

ಪರದೆ ಸರಸಿ ಆಯಿ ಹೊರಗ ಬಂದ್ಳು. ಮೂರೂ ಆಕೀವ ಬೆರಳು. "ಬಸುರಿಗೆ ಸೂಜಿ ಬ್ಯಾಡಪಾ. ಮನಿ ಒಂದ, ರಕ್ತಾನೂ ಒಂದ ಅಲ್ಲೇನು?"

"ಸೊಸಿ ಬ್ಯಾರೇ ಮನಿಂದ ಬಂದಾಳಲ್ಲ ಆಯಿ?"

"ಬಂದ ಮ್ಯಾಲ ನಮ್ಮದ!"

ಸಾಹೇಬ್ರ ಬದಲಿ

ಕಡೀಕ ಸಾಹೇಬ್ರನ್ನ ಕರಕೊಂಡ ಹೋದೆ. ಸಣ್ಣ ಸೊಸಿ ಕಂಬಳಿ ಹೊಚ್ಚಕೊಂಡು ಮಲಗಿದ್ಳು. "ಈಕೀ ರಕ್ತಾನ ಬೇಕು ಆಯಿ. ತಡಾ ಆದ್ರ ತಾಯಿಗೂ ಕೂಸಿಗೂ ಅಪಾಯ" ಅಂದ್ರು. ಆಯೀ ಕಣ್ಣಾಗ ನೀರ ಬಂತು.

"ಹಂಗಾರ ಮೊದಲ ನೀವು ಚುಚ್ಚಿಸ್ಕೋರಿ. ಅದನ್ನ ನೋಡಿ ನಮ್ಮ ಹುಡುಗಿಗೆ ಧೈರ್ಯ ಬರಲಿ."

ನಾನು ಸೂಜಿ ತಗದೆ. ಸಾಹೇಬ್ರ ಮಾರಿ ಬೆಳ್ಳಗಾತು. ಬೆರಳು ಮುಂದ ಬಂತು, ಮತ್ತ ಹಿಂದ ಹೋತು. ಜಿಲ್ಲಾದ ರಕ್ತಾ ಎಲ್ಲಾ ನೋಡಿದ ಮನಿಷಾ ಸೂಜಿಗೆ ಅಂಜತಾರಂತ ನನಗ ಅವತ್ತ ತಿಳೀತು. ಆಯಿ ಅವರ ತಲಿ ಸವರಿ, ತನ್ನ ಬೆರಳ ನನ್ನ ಮುಂದ ಚಾಚಿದ್ಳು.

"ಪಾಪ, ಕೂಸು ಅಂಜಾಕತ್ತೈತಿ. ಸಾಹೇಬ್ರ ಬದಲಿ ನಂದ ತಗೋಪಾ."

ಕಂಬಳಿ ಒಳಗ ಕಿಸಕ್ ಅಂತ ನಗಿ. ನಕ್ಕೋತ ಸಣ್ಣ ಸೊಸಿ ಕೈ ಹೊರಗ ಚಾಚಿದ್ಳು. "ನಂದ ತಗೋರಿ ಅಣ್ಣಾರ, ಸಾಹೇಬ್ರನ್ನ ಬಿಡ್ರಿ."

ಆ ಪಟ್ಟೀದಾಗ ಹುಳಾ ಸಿಕ್ಕವು. ಗುಳಿಗಿ ನುಂಗಿದ್ಳು, ಜ್ವರಾ ಬಿಡ್ತು, ಸುಸೂತ್ರ ಹಡದ್ಳು. ಅವತ್ತ ನಮಗಾದ ಖುಷಿ ಏನ ಕೇಳ್ತೀರಿ!

ಕೂಸಿನ್ನ ತೊಟ್ಲಾಗ ಹಾಕೂ ದಿನ ಸಾಹೇಬ್ರೂ ನಾನೂ ಹೋದ್ವಿ. ಬಾಗಲದಾಗ ಆಯಿ ನಿಂತಿದ್ಳು. "ಬರ್ರಿ" ಅನ್ನೂಕಿಂತ ಮೊದಲ ಬೆರಳು ಮುಂದ ಮಾಡಿದ್ಳು.

"ಇವತ್ತ ಯಾರ ಬದಲಿ ಕೊಡಬೇಕ್ರಿ?"